ಫ್ರಿಜ್ ಪಕ್ಕದ ಜಾಗ: ವುಡಿ ಡರ್ಹಮ್ ಅವರಿಗೆ ಒಂದು ಥ್ಯಾಂಕ್ಸ್

2018ರ ಮಾರ್ಚ್ 7ರಂದು ವುಡಿ ಡರ್ಹಮ್ ತೀರಿಕೊಂಡರು. 76 ವರ್ಷ ಆಗಿತ್ತು. ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ನಮ್ಮ ಮನೆಯಲ್ಲಿ ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಊರಲ್ಲಿರುವ ನಿಮಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ. ಅವರಿಗೆ ಹೇಳಬೇಕಿದ್ದ ಒಂದು ಥ್ಯಾಂಕ್ಸ್ 2009ರಿಂದ ನನ್ನಲ್ಲೇ ಉಳಿದುಬಿಟ್ಟಿದೆ.

ಅವರು ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದರು. ಚಾಪೆಲ್ ಹಿಲ್‌ನ ಯೂನಿವರ್ಸಿಟಿ ತಂಡದ ಹೆಸರು ಟಾರ್ ಹೀಲ್ಸ್. ಆ ತಂಡದ ಅಮೆರಿಕನ್ ಫುಟ್‌ಬಾಲ್‌ಗೂ ಬ್ಯಾಸ್ಕೆಟ್‌ಬಾಲ್‌ಗೂ 1971ರಿಂದ 2011ರವರೆಗೆ ಇವರದೇ ದನಿ. 1,800ಕ್ಕೂ ಜಾಸ್ತಿ ಪಂದ್ಯಗಳು. ಒಂದು ಕಾಲೇಜು ತಂಡಕ್ಕೆ ಇಷ್ಟೊಂದಾ ಅಂತ ಮೊದಮೊದಲು ನನಗೂ ಅನ್ನಿಸಿತ್ತು. ಆದರೆ ಇಲ್ಲಿ ಕಾಲೇಜು ಆಟ ಅಂದರೆ ಊರಿನ ಆಟ, ಮನೆತನದ ಆಟ. ಅಜ್ಜ ಯಾವ ತಂಡವೋ ಮೊಮ್ಮಗನೂ ಅದೇ ತಂಡ.

ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಪಂದ್ಯ ಶುರುವಾದರೆ ಟಿವಿ ಹಾಕಿ, ದನಿ ಪೂರ್ತಿ ಕಡಿಮೆ ಮಾಡಿ, ರೇಡಿಯೋ ಹಚ್ಚುತ್ತಿದ್ದರು. ನೋಡುವುದು ಟಿವಿಯಲ್ಲಿ, ಕೇಳುವುದು ವುಡಿಯನ್ನು. ರಾಜ್ಯದ ತುಂಬ ಜನ ಹೀಗೇ ಮಾಡುತ್ತಿದ್ದರು. 1974ರ ಮಾರ್ಚ್ 2ರಂದು ಡ್ಯೂಕ್ ಯೂನಿವರ್ಸಿಟಿ ಎದುರು ಆಡಿದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಕಥೆಯನ್ನು ಆ ಹಿರಿಯರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಉಳಿದಿದ್ದು 17 ಸೆಕೆಂಡ್. ನಮ್ಮವರು 8 ಪಾಯಿಂಟ್ ಹಿಂದೆ. ದೂರದಿಂದ ಎಸೆದರೆ ಮೂರು ಪಾಯಿಂಟ್ ಅನ್ನುವ ಗೆರೆಯೂ ಆಗ ಇರಲಿಲ್ಲ. ಕೊನೆಗೆ ವಾಲ್ಟರ್ ಡೇವಿಸ್ ದೂರದಿಂದ ಎಸೆದ ಚೆಂಡು ಬೋರ್ಡಿಗೆ ಬಡಿದು ಒಳಗೆ ಬಿತ್ತು, ಸ್ಕೋರ್ ಸಮ ಆಯಿತು. ಓವರ್‌ಟೈಮ್‌ನಲ್ಲಿ 96-92ಕ್ಕೆ ಗೆದ್ದರು. ಕಥೆ ಹೇಳುವಾಗ ಅವರ ದನಿ ತಾನಾಗಿ ವುಡಿಯ ದನಿ ಆಗಿಬಿಡುತ್ತಿತ್ತು.

ನನ್ನ ಕಥೆ ಶುರುವಾಗುವುದು 2008ರ ಕೊನೆಯಲ್ಲಿ. ಆ ಚಳಿಗಾಲದಲ್ಲಿ ಎಷ್ಟೋ ಜನರ ಹಾಗೆ ನನ್ನ ಕೆಲಸವೂ ಹೋಯಿತು. ನನ್ನ ವೀಸಾ ಕೆಲಸಕ್ಕೆ ಕಟ್ಟಿದ್ದು. ಹೆಂಡತಿಗೆ ಕೆಲಸ ಇತ್ತು, ಅವಳ ವೀಸಾ ಮೇಲೆ ಹೇಗೋ ಉಳಿದುಕೊಂಡೆ. ಖರ್ಚು ಕಡಿಮೆ ಮಾಡಲು ಕೇಬಲ್ ತೆಗೆಸಿದೆವು. ಅದೇ ಹೊತ್ತಿಗೆ ಅಪ್ಪ ಹಾಸನದಿಂದ ಬಂದಿದ್ದರು. ಟಿಕೆಟ್ ಮೊದಲೇ ಆಗಿತ್ತು, ಬೇಡ ಅನ್ನಲು ಬಾಯಿ ಬರಲಿಲ್ಲ. ಕೆಲಸ ಹೋದದ್ದನ್ನು ಅವರಿಗೆ ಹೇಳಲಿಕ್ಕೂ ಆಗಲಿಲ್ಲ. ದಿನಾ ಬೆಳಿಗ್ಗೆ ಲೈಬ್ರರಿಗೆ ಹೋಗಿ ಕೂತು, ಸಂಜೆ ವಾಪಸ್ ಬರುತ್ತಿದ್ದೆ.

ಟಿವಿ ಇಲ್ಲದ ಮನೆಯಲ್ಲಿ ಸಂಜೆ ರೇಡಿಯೋ ಹಾಕತೊಡಗಿದೆ. ಚೆಂಡು ಯಾರ ಕೈಲಿದೆ, ಅಂಗಳದ ಯಾವ ಮೂಲೆಯಲ್ಲಿದೆ, ಸ್ಕೋರ್ ಎಷ್ಟು, ಟೈಮ್ ಎಷ್ಟು ಉಳಿದಿದೆ, ಎಲ್ಲವನ್ನೂ ವುಡಿ ಹೇಳುತ್ತಿದ್ದರು. ಅವಸರ ಇರಲಿಲ್ಲ, ಒಂದು ಮಾತೂ ಸುಮ್ನೆ ಇರುತ್ತಿರಲಿಲ್ಲ. ಅಪ್ಪ ನೀರುಳ್ಳಿ ಹೆಚ್ಚುತ್ತಾ ಕೇಳುತ್ತಿದ್ದರು. ಒಂದು ಕಾಲದಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿಕೊಂಡು ಕ್ರಿಕೆಟ್ ಕೇಳುತ್ತಿದ್ದವರು ಅವರು. ಒಂದು ದಿನ ಅಂದರು: “ಈ ಮನುಷ್ಯ ಹೇಳೋದು ಅರ್ಧ ಅರ್ಥ ಆಗಲ್ಲ ಕಣೋ. ಆದ್ರೆ ನಮ್ಮೋರು ಗೆಲ್ತಿದ್ದಾರೋ ಸೋಲ್ತಿದ್ದಾರೋ ಗೊತ್ತಾಗ್ಬಿಡುತ್ತೆ.”

ನಮ್ಮೋರು! ಬಂದು ಮೂರು ವಾರ ಆಗಿತ್ತು ಅಷ್ಟೇ.

ಪಂದ್ಯ ಬಿಗಿಯಾದಾಗ ವುಡಿ ಒಂದು ಮಾತು ಹೇಳುತ್ತಿದ್ದರು. ಗೋ ವೇರ್ ಯು ಗೋ, ಆಂಡ್ ಡು ವಾಟ್ ಯು ಡು. ನೀವು ಎಲ್ಲಿ ಹೋಗಿ ನಿಲ್ತೀರೋ ಅಲ್ಲಿ ನಿಲ್ಲಿ, ಏನು ಮಾಡ್ತೀರೋ ಅದನ್ನು ಮಾಡಿ ಅಂತ. ಗೆಲ್ಲಲಿ ಅಂತ ಒಬ್ಬೊಬ್ಬರೂ ಪಾಲಿಸುವ ನಂಬಿಕೆ ಇರುತ್ತದಲ್ಲ, ಅದಕ್ಕೆ ರೇಡಿಯೋದಿಂದಲೇ ಅಪ್ಪಣೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲೇ ಇಲ್ಲ. 1983ರ ವಿಶ್ವಕಪ್ ಫೈನಲ್ ದಿನ ಜಗಲಿ ಕಂಬಕ್ಕೆ ಒರಗಿ ಕೂತವರನ್ನು ಆಟ ಮುಗಿಯುವವರೆಗೆ ಯಾರೂ ಏಳಲು ಬಿಟ್ಟಿರಲಿಲ್ಲವಂತೆ. ಅಡುಗೆಮನೆಯಲ್ಲಿ ಅವರು ಕಿಟಕಿ ಹತ್ತಿರ ಹೋಗಿ ನಿಂತರು. ನನಗೆ ಫ್ರಿಜ್ ಪಕ್ಕ ಕೈ ತೋರಿಸಿದರು.

2009ರ ಏಪ್ರಿಲ್ 6, ಡೆಟ್ರಾಯಿಟ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ರಾಷ್ಟ್ರೀಯ ಟೂರ್ನಿಯ ಫೈನಲ್. ಎದುರಿಗೆ ಮಿಷಿಗನ್ ಸ್ಟೇಟ್. ಅರ್ಧ ಆಟಕ್ಕೇ 55-34, ಕೊನೆಗೆ 89-72. ಬಿಗಿ ಅನ್ನುವುದೇ ಇರಲಿಲ್ಲ. ಆದರೂ ಅಪ್ಪ ಕಿಟಕಿ ಬಿಟ್ಟು ಕದಲಲಿಲ್ಲ. ಆಟ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಕೆಲಸ ಹೋಗಿರೋದು ನಂಗೆ ಗೊತ್ತು, ಸಿಗುತ್ತೆ ಬಿಡು” ಅಂದರು. ಯಾವಾಗ ಗೊತ್ತಾಯಿತೋ, ನಾನು ಕೇಳಲಿಲ್ಲ. ಅವರು ಊರಿಗೆ ಹೋದ ಮೇಲೆ ಜೂನ್‌ನಲ್ಲಿ ಕೆಲಸ ಸಿಕ್ಕಿತು. ಈಗ ಅಪ್ಪ ಇಲ್ಲ.

2011ರಲ್ಲಿ ಸೀಸನ್ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ವುಡಿ ನಿವೃತ್ತಿ ಅಂದರು. ಕೆಂಟಕಿ ಎದುರು ಸೋತ ಆ ಪಂದ್ಯವೇ ಅವರ ಕೊನೆಯದು ಅಂತ ಕೇಳುವಾಗ ನಮಗೆ ಗೊತ್ತೇ ಇರಲಿಲ್ಲ. 2016ರಲ್ಲಿ ಬಂದ ಸುದ್ದಿ ಅದಕ್ಕಿಂತ ಕಷ್ಟದ್ದು. ಅವರಿಗೆ ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ ಅನ್ನುವ ಕಾಯಿಲೆ. ಮಿದುಳಿನಲ್ಲಿ ಮಾತಿಗೆ ಬೇಕಾದ ಭಾಗ ಸವೆಯುತ್ತಾ ಹೋಗುತ್ತದೆ. ಹೇಳಬೇಕಾದ ಪದ ಸಿಗುವುದಿಲ್ಲ. ನಲವತ್ತು ವರ್ಷ ಪದ ತಡವರಿಸದವರಿಗೆ ಇದು ಬರಬಾರದಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಬಹಿರಂಗ ಪತ್ರ ಬರೆದು ತಿಳಿಸಿದರು, ಇಂಥ ಕಾಯಿಲೆಯೊಂದಿದೆ ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಆಗ. ನಾನಾದರೆ ಕೆಲಸ ಹೋಗಿದ್ದನ್ನೇ ಅಪ್ಪನಿಗೆ ಹೇಳಿರಲಿಲ್ಲ.

2017ರಲ್ಲಿ ಮತ್ತೆ ಫೈನಲ್. ಗೊನ್ಜಾಗ ಎದುರು 71-65ಕ್ಕೆ ಗೆದ್ದೆವು. ವುಡಿ ಆದ ಮೇಲೆ ರೇಡಿಯೋದಲ್ಲಿ ಜೋನ್ಸ್ ಏಂಜೆಲ್ ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಕೊನೆಯ ನಿಮಿಷಗಳಲ್ಲಿ ಮಗಳು ಯಾರೂ ಹೇಳದೆ ಹೋಗಿ ಕಿಟಕಿ ಹತ್ತಿರ ನಿಂತಳು. ಅದು ಅವಳ ಅಜ್ಜನ ಜಾಗ ಅಂತ ಅವಳಿಗೆ ನೆನಪಿದೆಯೋ ಇಲ್ಲವೋ.

ಥ್ಯಾಂಕ್ಸ್ ವುಡಿ ಸರ್. ಆ ಚಳಿಗಾಲದಲ್ಲಿ ನಾನು, ಅಪ್ಪ ಒಂದೇ ಕೋಣೆಯಲ್ಲಿ ಕೂತು ಕೇಳಲು ನೀವಿದ್ದಿರಿ. ಟೂರ್ನಿ ಮತ್ತೆ ಶುರುವಾಗುತ್ತದೆ. ನಾನು ಫ್ರಿಜ್ ಪಕ್ಕ ಇರುತ್ತೇನೆ.