ಹಳೇ ಪಿಕಪ್‌ಗೆ ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ ಬೇಡ

ಮಾನ್ಯರೇ,

ಟೊಮೆಟೊ ಸುಗ್ಗಿ ಬಂತೆಂದರೆ ಕೋಲಾರದ ಕಡೆ ಹಳೇ ಪಿಕಪ್‌ಗಳ ಹಿಂಬದಿ ಸ್ಪ್ರಿಂಗ್ ಕಟ್ಟಿಗೆ ಒಂದೆರಡು ಉಕ್ಕಿನ ಪಟ್ಟಿ ಸೇರಿಸುವುದು ಮಾಮೂಲು. ಲೋಡಿಗೆ ಬಾಡಿ ಕೂರುವುದಿಲ್ಲ, ನಿಜ. ಆದರೆ ಲೋಡ್ ಸೆನ್ಸಿಂಗ್ ವಾಲ್ವ್ (ಲೋಡಿಗೆ ತಕ್ಕಂತೆ ಹಿಂಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್) ಇರುವ ಗಾಡಿಯಲ್ಲಿ ಚಾಸಿ, ಅಂದರೆ ಗಾಡಿಯ ಚೌಕಟ್ಟು, ಎಷ್ಟು ತಗ್ಗಿದೆ ಎಂದು ನೋಡಿಯೇ ಹಿಂಬ್ರೇಕಿಗೆ ಒತ್ತಡ ಹೋಗುವುದು. ಚಾಸಿ ತಗ್ಗದಿದ್ದರೆ ವಾಲ್ವ್ ಲೆಕ್ಕದಲ್ಲಿ ಗಾಡಿ ಖಾಲಿ! ಹಿಂಬ್ರೇಕ್ ಮಂದ, ಮುಂದಿನ ಪ್ಯಾಡ್ ಬೇಗ ಸವೆತ.

ಸೋತ ಪಟ್ಟಿಯನ್ನು ಬದಲಿಸಿ, ಸಂಖ್ಯೆ ಹೆಚ್ಚಿಸಬೇಡಿ. ಸ್ಪ್ರಿಂಗ್ ಕಟ್ಟನ್ನು ಆಕ್ಸಲ್‌ಗೆ ಹಿಡಿದಿಡುವ ಯು-ಬೋಲ್ಟ್ ಹೊಸದೇ ಹಾಕಿ, ಎದುರುಬದುರಾಗಿ ಬಿಗಿದು, 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಸಡಿಲಾದರೆ ಮೇನ್ ಪಟ್ಟಿ ನಡುವಿನ ಸೆಂಟರ್ ಬೋಲ್ಟ್ ತೂತಿನಲ್ಲೇ ಸೀಳುತ್ತದೆ.

8 ವರ್ಷ ದಾಟಿದ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಇದೆಯಲ್ಲ ಎನ್ನಬಹುದು. ಅಲ್ಲಿಗೆ ಗಾಡಿ ಹೋಗುವುದು ಖಾಲಿಯಾಗಿ. ಈ ದೋಷ ಕಾಣುವುದು ತುಂಬಿದಾಗ.

– ಒಬ್ಬ ಮೆಕ್ಯಾನಿಕ್, ಕೋಲಾರ