ಸಂಸದರೇ, ನಮ್ಮೂರಿಂದ ಕಡಲಿಗೆ ಒಂದು ನೇರ ರೈಲು ಕೊಡಿ

ದಾವಣಗೆರೆಯ ಮಾನ್ಯ ಸಂಸದರಿಗೆ,

ನಮಸ್ಕಾರ. ಈ ವಿಷಯಕ್ಕೆ ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರನ್ನು ಬೇರೆ ಬೇರೆ ಕಚೇರಿಗೆ ಬರೆದಿದ್ದೆ. ಒಂದಕ್ಕೆ ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂತು. ಉಳಿದೆರಡು ಇನ್ನೂ ಯಾವುದೋ ಸಿಗ್ನಲ್‌ನಲ್ಲಿ ನಿಂತಿರಬೇಕು.

ನಾನು ಕೇಳುವುದು ಇಷ್ಟೇ. ದಾವಣಗೆರೆಯಿಂದ ಹುಬ್ಬಳ್ಳಿ, ಲೋಂಡಾ, ಮಡಗಾಂವ್ ಮೇಲೆ ಕಾರವಾರ, ಕುಮಟಾ, ಭಟ್ಕಳದ ಕಡೆಗೆ ವಾರಕ್ಕೊಂದು ನೇರ ರೈಲು.

ಅಮ್ಮನ ತವರು ಮುರುಡೇಶ್ವರದ ಹತ್ತಿರ. ನಾನು ಚಿಕ್ಕವನಿದ್ದಾಗ ಶಿವಮೊಗ್ಗ, ಸಾಗರದ ಮೇಲೆ ಬಸ್ಸೇ ಗತಿ. ಗೇರುಸೊಪ್ಪೆ ಘಾಟಿಯ ಮೊದಲ ತಿರುವಿಗೇ ಅಮ್ಮ ಕಿಟಕಿಗೆ ತಲೆ ಕೊಡುತ್ತಿದ್ದಳು. ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಟವೆಲ್. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ ನಮ್ಮ ಬೀದಿಯಲ್ಲಿ ಅವಳಷ್ಟು ಖುಷಿಪಟ್ಟವರಿಲ್ಲ.

ಅಂದಿನಿಂದ ರೈಲು ಇಳಿದು ಹತ್ತುವುದೇ ಆಯಿತು. ಆಗ ಡೀಸೆಲ್ ಎಂಜಿನ್ ಇತ್ತು, 2022ರ ಹೊತ್ತಿಗೆ ಇಡೀ ಮಾರ್ಗಕ್ಕೆ ಕರೆಂಟ್ ಬಂತು. ಬೆಂಗಳೂರಿನವರಿಗೆ ಕಾರವಾರಕ್ಕೆ ಪಂಚಗಂಗಾ ಬಂತು. ಅದು ಕುಣಿಗಲ್, ಹಾಸನದ ಮೇಲೆ ಹೋಗುತ್ತೆ, ನಮ್ಮ ಕಡೆ ತಿರುಗಿಯೂ ನೋಡಲ್ಲ. ವಿಜಯಪುರ-ಮಂಗಳೂರು ರೈಲು ಇದೆಯಲ್ಲ ಅನ್ನಬೇಡಿ. ಮಂಗಳೂರಲ್ಲಿ ಇಳಿದು ಮತ್ತೆ ಉತ್ತರಕ್ಕೆ ಇನ್ನೊಂದು ಗಾಡಿ ಹುಡುಕಬೇಕು.

ಹೋದ ಮಾರ್ಚ್‌ನಲ್ಲಿ ಸೋದರಮಾವನ ಮಗಳ ಮದುವೆ. ರಾತ್ರಿ ರೈಲು ಹತ್ತಿದೆವು. ಬೆಳಗಿನ ಜಾವ, ಗಾಡಿ ಬದಲಿಸಬೇಕಾದ ಜಂಕ್ಷನ್ನಿನ ಹೊರಗೇ ನಮ್ಮ ರೈಲು ನಿಂತಿತು. 40 ನಿಮಿಷ. ನಾವು ಹಿಡಿಯಬೇಕಿದ್ದ ಪ್ಯಾಸೆಂಜರ್ ಎದುರಿಗೇ ಪ್ಲಾಟ್‌ಫಾರ್ಮ್‌ನಲ್ಲಿ ಕಾಣುತ್ತಿತ್ತು. ಅಮ್ಮ ಅದರ ಡಬ್ಬಿ ಎಣಿಸುತ್ತಾ ಕೂತಿದ್ದಳು. ಅದು ಹೊರಟಿತು. ಆಮೇಲೆ ನಮ್ಮದು ಒಳಗೆ ಬಂತು! ಕೌಂಟರ್‌ನಲ್ಲಿ ಕೇಳಿದರೆ, ‘ಅದು ನಮ್ಮ ಗಾಡಿ ಅಲ್ಲ’ ಅಂದರು.

ಎರಡು ಪಿಎನ್‌ಆರ್ ಜೋಡಿಸಿದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ದುಡ್ಡು ವಾಪಸ್ ಎಂಬ ನಿಯಮ 2019ರಿಂದ ಇದೆ. ನಿಮಗೆ ಗೊತ್ತೇ ಇರುತ್ತೆ. ಸ್ವಾಮಿ, ದುಡ್ಡು ಯಾರಿಗೆ ಬೇಕಿತ್ತು? ಮುಹೂರ್ತ ವಾಪಸ್ ಕೊಡ್ತಾರಾ?

ಇಡೀ ದಿನ ಬೆಂಚಿನ ಮೇಲೆ ಕಳೆದೆವು. ತವರಿಗೆಂದು ಅಮ್ಮ ಒಯ್ದಿದ್ದ ದಾವಣಗೆರೆ ಮಂಡಕ್ಕಿ ಆ ಸೆಕೆಗೆ ಮೆತ್ತಗಾಯಿತು. ಕೊನೆಗೆ ಸಂಜೆಯ ಗಾಡಿ ಸಿಕ್ಕಿತು. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರ್‌ಗೂ ಜಾಸ್ತಿ ಉದ್ದ. ಅಮ್ಮ ಕಾಯುವುದೇ ಅದಕ್ಕೆ. ಆದರೆ ಹೊರಗೆ ಕತ್ತಲೆ. ಗಾಲಿಯ ಸದ್ದು ಬದಲಾದಾಗ, ‘ಹೊಳೆ ಬಂತಾ?’ ಅಂದಳು.

ಆದ್ದರಿಂದ ಮತ್ತೆ ಕೇಳುತ್ತೇನೆ, ವಾರಕ್ಕೊಂದು ನೇರ ರೈಲು. ಸಂಸತ್ತಿನಲ್ಲಿ ಒಂದು ಮಾತು ಎತ್ತಿ. ಅಷ್ಟೂ ಆಗದಿದ್ದರೆ, ಒಂದು ಗಾಡಿ ಸಿಗ್ನಲ್‌ನಲ್ಲಿ ಸುಮ್ನೆ ನಿಂತಿರುವಾಗ ಇನ್ನೊಂದನ್ನು ಹತ್ತು ನಿಮಿಷ ತಡೆಯಲು ಹೇಳಿಸಿ. ನೇರ ರೈಲು ಕೊಟ್ಟರೆ ಅದೂ ಬೇಕಾಗಲ್ಲ ಅಲ್ವಾ?

ಅಮ್ಮನಿಗೆ ಈಗ 76. ದೀಪಾವಳಿಗೆ ಹೋಗೋಣವಾ ಅಂತ ನಿನ್ನೆಯೂ ಕೇಳಿದಳು. ನಿಮ್ಮ ಉತ್ತರ ಬಂದ ಮೇಲೆ ಹೇಳುತ್ತೇನೆ ಅಂದಿದ್ದೇನೆ.

ಇಂತಿ,
ದಾವಣಗೆರೆಯ ಒಬ್ಬ ಮತದಾರ