ಔಷಧದ ಪ್ಯಾಚ್‌ಗೆ ನಮ್ಮ ಬಿಸಿಲಿನ ಪರೀಕ್ಷೆಯೂ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಚರ್ಮಕ್ಕೆ ಅಂಟಿಸುವ ನೋವಿನ ಪ್ಯಾಚ್‌ನ ಅಂಚು ಎದ್ದರೆ, ಅಂಟು ಚರ್ಮಕ್ಕೇ ಮೆತ್ತಿಕೊಂಡರೆ ಜನ ಕಂಪನಿಯನ್ನು ಬೈಯುತ್ತಾರೆ. ಪ್ಯಾಚ್‌ನ ಮಿಶ್ರಣಕ್ಕೂ ನಮ್ಮ ರಾಯಚೂರು ಸೀಮೆಯ ಹವೆಗೂ ಇರುವ ನಂಟನ್ನು ಯಾರೂ ಗಮನಿಸುವುದಿಲ್ಲ.

ಫಾರ್ಮಸಿ ಪ್ರಯೋಗಾಲಯಗಳಲ್ಲಿ ಪ್ಯಾಚ್‌ನ ಔಷಧ ಹಿಡಿದಿಡುವ ಪೊರೆ ಮಾಡುವಾಗ ನೀರಿನಲ್ಲಿ ಕರಗದ ಈಥೈಲ್ ಸೆಲ್ಯುಲೋಸ್‌ಗೆ ನೀರು ಹೀರುವ ಎಚ್‌ಪಿಎಂಸಿ ಅಥವಾ ಪಿವಿಪಿ ಬೆರೆಸುವುದು ರೂಢಿ. ಇವೆಲ್ಲ ಪಾಲಿಮರ್‌ಗಳು, ಅಂದರೆ ಪೊರೆ ಕಟ್ಟುವ ಉದ್ದ ಅಣುಗಳ ವಸ್ತುಗಳು. ನೀರು ಹೀರುವ ಪಾಲಿಮರ್ ಹೆಚ್ಚಾದರೆ ಔಷಧ ಬೇಗ ಹೊರಬರುತ್ತದೆ, ಪೊರೆ ತೇವ ಎಳೆದು ಮೆತ್ತಗಾಗುತ್ತದೆ. ಈಥೈಲ್ ಸೆಲ್ಯುಲೋಸ್ ಹೆಚ್ಚಾದರೆ ಔಷಧ ನಿಧಾನ, ಪೊರೆ ಪೆಡಸು. ಈ ಪೆಡಸು ಕಳೆಯುವುದು ಪಿಇಜಿ 400ರಂಥ ಪ್ಲಾಸ್ಟಿಸೈಜರ್. ಇದನ್ನು ಪಾಲಿಮರ್‌ನ ತೂಕದ ಲೆಕ್ಕದಲ್ಲಿ ಹಾಕುತ್ತಾರೆ: 500 ಮಿ.ಗ್ರಾಂ ಪಾಲಿಮರ್‌ಗೆ ಶೇ 30 ಎಂದರೆ 150 ಮಿ.ಗ್ರಾಂ. ಜೋಳದ ಹಿಟ್ಟಿಗೆ ಬಿಸಿನೀರಿನ ಹದ ಇದ್ದಂತೆಯೇ ಇದು: ಕಡಿಮೆಯಾದರೆ ರೊಟ್ಟಿಯ ಅಂಚು ಸೀಳುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ.

ಇವನ್ನು ಔಷಧದೊಂದಿಗೆ ಡೈಕ್ಲೋರೋಮೀಥೇನ್ ಮತ್ತು ಮೆಥನಾಲ್ ಎಂಬ ಬೇಗ ಆರುವ ದ್ರವಗಳ ಸಮಪಾಲು ಮಿಶ್ರಣದಲ್ಲಿ ಕರಗಿಸಿ, ಪೆಟ್ರಿ ತಟ್ಟೆಗೆ ಹೊಯ್ದು, ಮೇಲೆ ಆಲಿಕೆ ಬೋರಲು ಹಾಕಿ 24 ಗಂಟೆ ಆರಲು ಬಿಡುತ್ತಾರೆ. ಡೈಕ್ಲೋರೋಮೀಥೇನ್ ಕುದಿಯುವುದೇ ಸುಮಾರು 40 ಡಿಗ್ರಿಗೆ! ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ಕೋಣೆಯಲ್ಲಿ ಹೊಯ್ದರೆ ಮೇಲ್ಪದರ ಮೊದಲೇ ಬಿಗಿದು ಒಳಗಿನ ಆವಿ ಗುಳ್ಳೆಯಾಗಿ ಉಳಿಯುತ್ತದೆ. ಗುಳ್ಳೆಯಿದ್ದಲ್ಲಿ ಪೊರೆ ಒಂದೇ ದಪ್ಪವಿರದು, ಔಷಧದ ಪ್ರಮಾಣವೂ ತಪ್ಪುತ್ತದೆ. ಬೆಳಗಿನ ತಂಪಿನಲ್ಲೇ ಹೊಯ್ಯಬೇಕು.

ಔಷಧ ಪೊರೆ ಹಿಡಿಯುವುದಕ್ಕಿಂತ ಹೆಚ್ಚಾದರೆ ಹರಳುಗಟ್ಟುತ್ತದೆ, ಹರಳಾದದ್ದು ಚರ್ಮದೊಳಗೆ ಸರಿಯಾಗಿ ಇಳಿಯದು. ಪಾರ್ಕಿನ್‌ಸನ್ ಕಾಯಿಲೆಯ ರೊಟಿಗೊಟಿನ್ ಪ್ಯಾಚನ್ನು 2008ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂಪಡೆದದ್ದು ಇದೇ ಕಾರಣಕ್ಕೆ. ಮಿಶ್ರಣ ಬದಲಿಸಿದ ಮೇಲೆ 2012ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು.

ಔಷಧಗಳ ಬಾಳಿಕೆಯನ್ನು ಬೇಗ ಅಳೆಯಲು 40 ಡಿಗ್ರಿ ಶಾಖ, ಶೇ 75 ತೇವದಲ್ಲಿ ಆರು ತಿಂಗಳು ಇಡುತ್ತಾರೆ. ಆ ಶಾಖ ನಮ್ಮ ಬೇಸಿಗೆಯ ನಿತ್ಯದ ಮಾತು, ಆ ತೇವ ಮಾತ್ರ ಇಲ್ಲಿಲ್ಲ. ಪೊರೆಯೊಳಗಿನ ನೀರೂ ಪ್ಲಾಸ್ಟಿಸೈಜರ್‌ನಂತೆ ಕೆಲಸ ಮಾಡುವುದರಿಂದ, ಒಣಗಾಳಿ ಅದನ್ನು ಹೀರಿದರೆ ತೇವದಲ್ಲಿ ಪಾಸಾದ ಪೊರೆ ಇಲ್ಲಿ ಬಿರಿಯಬಹುದು. ಆದ್ದರಿಂದ ಬಳ್ಳಾರಿ, ರಾಯಚೂರು, ಕೊಪ್ಪಳದ ಫಾರ್ಮಸಿ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್‌ಗಳಲ್ಲಿ 40 ಡಿಗ್ರಿಯ ಒಣ ಡೆಸಿಕೇಟರ್‌ನಲ್ಲೂ (ತೇವ ಹೀರುವ ಪುಡಿಯಿಟ್ಟ ಮುಚ್ಚಿದ ಪಾತ್ರೆ) ಪೊರೆ ಇಟ್ಟು, ಒಂದೇ ಜಾಗದಲ್ಲಿ ಮಡಚಿ ಎಷ್ಟು ಸಲಕ್ಕೆ ಮುರಿಯುತ್ತದೆಂದು ಮೊದಲು ಮತ್ತು ನಂತರ ಎಣಿಸಬೇಕು. ಮಾರ್ಗದರ್ಶಕರು ಇದನ್ನು ಕಡ್ಡಾಯ ಮಾಡಲಿ.

ಬಳಸುವವರೂ ಪ್ಯಾಚನ್ನು ಬೈಕ್ ಡಿಕ್ಕಿಯಲ್ಲಿ ಇಡಬಾರದು, ಬೆವರು ಒರೆಸಿ ಚರ್ಮ ಒಣಗಿದ ಮೇಲೆ ಹಚ್ಚಬೇಕು. ವೈದ್ಯರು ಹೇಳದೆ ಕತ್ತರಿಸಬಾರದು. ಔಷಧ ಚೀಲದಲ್ಲಿ ತುಂಬಿದ ಪ್ಯಾಚ್ ಆಗಿದ್ದರೆ ಕತ್ತರಿಸಿದ ಕೂಡಲೇ ಸೋರುತ್ತದೆ. ಕ್ಯಾನ್ಸರ್ ನೋವಿನ ಫೆಂಟನಿಲ್ ಪ್ಯಾಚ್ ಹಚ್ಚಿಕೊಂಡವರು ಬಿಸಿಲಲ್ಲಿ ಕೂರಬಾರದು, ಬಿಸಿನೀರಿನ ಶಾಖ ಕೊಡಬಾರದು. ಶಾಖಕ್ಕೆ ಔಷಧ ಹೆಚ್ಚು ಇಳಿದು ಉಸಿರೇ ನಿಲ್ಲಬಹುದು.

– ಫಾರ್ಮಸಿ ಉಪನ್ಯಾಸಕರು, ರಾಯಚೂರು